ನಡುದಿಣ್ಣೆಯ ಇಪ್ಪತ್ತಮೂರು ಗೂಟ

ಸೆಪ್ಟೆಂಬರ್ 6

ಮಗನಿಗೆ,

ನೀನು ಬಂದು ಹನ್ನೊಂದು ದಿನವಾಯಿತಂತೆ. ಒಂಬತ್ತು ವರ್ಷ ಕಂಡ ಕಂಡ ಸಮುದ್ರವನ್ನೆಲ್ಲ ಅಲೆದು, ಕಡೆಗೆ ನಮ್ಮ ಕೊಲ್ಲಿಯೊಳಕ್ಕೇ ಬಂದು, ನನ್ನ ಅಡುಗೆಮನೆಯ ಕಿಟಕಿಗೆ ಕಾಣುವಷ್ಟು ಹತ್ತಿರ ಲಂಗರು ಹಾಕಿ ಕೂತಿದ್ದೀಯ. ಹೆತ್ತವಳಿಗೆ ಮಾತ್ರ ಸುದ್ದಿಯಿಲ್ಲ.

ಹೇಳಿದ್ದು ನಿನ್ನ ಚಿಕ್ಕಪ್ಪ. ಟಪಾಲು ದೋಣಿ ನಡೆಸುವವನಿಗೆ ಗೊತ್ತಾಗದೇ ಇರುತ್ತದೆಯೇ? ನಿಮ್ಮ ಹಡಗಿಗೆ ಚೀಲ ಕೊಟ್ಟು ಬಂದವನು ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ.

"ಅಕ್ಕಾ, ಆ ಹೂಳೆತ್ತೋ ಹಡಗಲ್ಲಿ ನಮ್ಮ ಹುಡುಗ ಇದಾನೆ."

"ಯಾವ ಹುಡುಗ?"

"ನಿಮ್ಮವನೇ."

ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನ ಚಿಕ್ಕಮ್ಮ ಮಾತ್ರ ನಕ್ಕಳು. "ಬಂದನಲ್ಲ ಬಿಡೇ ಅಕ್ಕ, ಬಾಗಿಲಿಗೆ ಬರೋಕೆ ನಾಚಿಕೆ ಆಗಿ ನೀರಲ್ಲೇ ನಿಂತಿದಾನೆ" ಅಂದಳು. ನನ್ನ ತಂಗಿಗೆ ಮನೆಗೆ ಬೆಂಕಿ ಬಿದ್ದರೂ ತಮಾಷೆಯೇ.

ಆ ಹಡಗು ಯಾಕೆ ಬಂದಿದೆ ಎಂದು ನಮಗೆ ಗೊತ್ತು. ಪರ್ವತದಂಥ ಹಡಗುಗಳು ಒಳಗೆ ಬರಬೇಕು, ಅದಕ್ಕೆ ಕೊಲ್ಲಿಯ ತಳ ಅಗೆಯಬೇಕು. ಬೇಡ ಎಂದು ಈ ದಡದವರು ಎರಡು ವರ್ಷ ಕಚೇರಿಯ ಮೆಟ್ಟಿಲು ಸವೆಸಿದೆವು. ಆ ಹಡಗಿನ ಒಬ್ಬನೂ ಈ ದಡಕ್ಕೆ ಕಾಲಿಡಬಾರದು ಎಂದು ಎಲ್ಲರೂ ಸೇರಿ ಮಾತಾಡಿಕೊಂಡಿದ್ದೇವೆ. ಮಗ ಎಂದು ನಿನಗೊಂದು ಬೇರೆ ಕಟ್ಟಳೆ ಮಾಡಲಾರೆ. ಆ ಹಡಗಿನಿಂದ ಇಳಿದ ದಿನ ಮನೆಗೆ ಬಾ. ಅಲ್ಲಿಯವರೆಗೆ ಬರಬೇಡ.

ನಿನ್ನ ತಾಯಿ


ಸೆಪ್ಟೆಂಬರ್ 14

ಅಮ್ಮಾ,

ಬರಬೇಡ ಎಂದದ್ದಕ್ಕೆ ಸಂತೋಷ. ನಾನು ಬಂದಿದ್ದರೂ ನೀನು ಇದನ್ನೇ ಬಾಗಿಲಲ್ಲಿ ನಿಲ್ಲಿಸಿ ಹೇಳುತ್ತಿದ್ದೆ. ದೋಣಿಯ ಶ್ರಮ ಉಳಿಯಿತು.

ಒಂಬತ್ತು ವರ್ಷದ ಹಿಂದೆ ನನ್ನ ಪೆಟ್ಟಿಗೆ ಕಟ್ಟಿದವಳು ಯಾರು? "ಈ ಕೆಸರಲ್ಲಿ ನಾನು ಕೊಳೆತದ್ದು ಸಾಕು, ನೀನು ಇತ್ತ ತಲೆ ಹಾಕಬೇಡ" ಎಂದವಳು ಯಾರು? ಹೋದೆ. ಕೆಲಸ ಕಲಿತೆ. ಹಡಗು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ನಾನು. ಈ ಸಲ ಅದು ಇಲ್ಲಿಗೆ ಬಂದರೆ ನನ್ನ ತಪ್ಪೇನು?

ನಮ್ಮ ಕೆಲಸ ಏನೆಂದು ತಿಳಿದುಕೊಂಡು ಬೈ. ದಪ್ಪ ಕೊಳವೆ ತಳದ ಕೆಸರನ್ನು ಹೀರಿ ಹಡಗಿನ ಹೊಟ್ಟೆಗೆ ತುಂಬುತ್ತದೆ. ತುಂಬಿದ ಮೇಲೆ ಕೊಲ್ಲಿಯ ಬಾಯಿ ದಾಟಿ, ಹನ್ನೆರಡು ಮೈಲಿ ಆಚೆ ಆಳ ಸಮುದ್ರಕ್ಕೆ ಹೋಗುತ್ತೇವೆ. ಅಲ್ಲಿ ಹೊಟ್ಟೆಯ ಬಾಗಿಲು ತೆರೆಯುತ್ತದೆ, ಕೆಸರು ಬಿದ್ದು ಹೋಗುತ್ತದೆ. ಆ ಬಾಗಿಲಿನ ಗುಂಡಿ ಒತ್ತುವವನು ನಾನು. ಇಳಿತಕ್ಕೆ ಎದ್ದು ಕಾಣುವ ನಿಮ್ಮ ನಡುದಿಣ್ಣೆಯನ್ನು ಯಾರೂ ಮುಟ್ಟುತ್ತಿಲ್ಲ. ನೀವು ಚಿಪ್ಪು ಹೆಕ್ಕುವುದನ್ನು ಹೆಕ್ಕುತ್ತಲೇ ಇರಿ.

ಮೊನ್ನೆ ಒಂದು ತಾಯಿ ಡಾಲ್ಫಿನ್ನು ಮರಿಯ ಜೊತೆ ನಮ್ಮ ಹಡಗಿನ ಮೂತಿಯ ಮುಂದೆಯೇ ಆಡುತ್ತ ಬಂತು. ಚಿಕ್ಕಮ್ಮನಿಗೆ ಹೇಳು. ಅವಳಿಗೆ ಇಷ್ಟ.

ನಿನ್ನ ಮಗ


ಅಕ್ಟೋಬರ್ 21

ಮಗನಿಗೆ,

ನಡುದಿಣ್ಣೆಯನ್ನು ಯಾರೂ ಮುಟ್ಟುತ್ತಿಲ್ಲ ಎಂದು ಬರೆದೆಯಲ್ಲ, ಆ ಕಾಗದ ಇಟ್ಟುಕೊಂಡಿದ್ದೇನೆ.

ದಿಣ್ಣೆಯ ದಕ್ಷಿಣದ ಅಂಚಿನಲ್ಲಿ ಈಗ ಮೊಣಕಾಲುದ್ದ ಕಪ್ಪು ಕೆಸರು. ಅದು ನಮ್ಮ ಕೆಸರಲ್ಲ. ನಮ್ಮದು ಬೂದಿ ಬಣ್ಣದ್ದು, ಮರಳು ಬೆರೆತದ್ದು, ಕಾಲಿಟ್ಟರೆ ತಡೆಯುತ್ತದೆ. ಇದು ಗಂಜಿಯ ಹಾಗಿದೆ, ಕೊಳೆತ ಮೊಟ್ಟೆಯ ನಾತ. ಕಡಲಹುಲ್ಲು ಅದರಡಿಯಲ್ಲಿ ಹೂತುಹೋಗಿದೆ. ಹುಲ್ಲಿನಲ್ಲಿ ಮರಿ ಮಾಡುತ್ತಿದ್ದ ಏಡಿ, ಸಣ್ಣ ಮೀನು, ಒಂದೂ ಇಲ್ಲ. ಚಿಪ್ಪುಗಳು ಬಾಯಿ ಬಿಟ್ಟುಕೊಂಡು ಬಿದ್ದಿವೆ.

ಬಾಗಿದ ಕೊಕ್ಕಿನ ಹಕ್ಕಿಗಳು ಎಂದಿನಂತೆ ಬಂದವು. ಅರ್ಧ ಭೂಮಿ ಹಾರಿ, ಎದೆಮೂಳೆ ಎದ್ದು ಕಾಣುವಷ್ಟು ಸೊರಗಿ ಬರುವ ಜೀವಗಳು. ಇಳಿದವು, ಕೊಕ್ಕು ಚುಚ್ಚಿ ನೋಡಿದವು. ಇನ್ನೊಂದು ಕಡೆ ಚುಚ್ಚಿದವು. ಮೂರನೆಯ ದಿನ ಎದ್ದು ಹೋದವು. ಎಲ್ಲಿಗೆ ಹೋದಾವು? ಅಷ್ಟು ದೂರ ಬಂದವಕ್ಕೆ ಇನ್ನೊಂದು ಊರಿಗೆ ಹಾರುವ ಶಕ್ತಿ ಎಲ್ಲಿತ್ತು?

ನಾನೂ ನಿನ್ನ ಚಿಕ್ಕಮ್ಮನೂ ಎರಡು ಬಕೆಟ್ ಸತ್ತ ಚಿಪ್ಪು ತುಂಬಿಕೊಂಡು ಬಂದರಿನ ಕಚೇರಿಗೆ ಹೋದೆವು. ಗುಮಾಸ್ತ ಮೂಗು ಮುಚ್ಚಿಕೊಂಡ.

"ಏನಮ್ಮ ಇದು ನಾತ!"

"ನಿಮ್ಮದೇ ಸಾಮಾನು ಸಾರ್, ವಾಪಸ್ ಕೊಡೋಕೆ ಬಂದ್ವಿ" ಅಂದಳು ನಿನ್ನ ಚಿಕ್ಕಮ್ಮ.

ಒಳಗಿನ ಅಧಿಕಾರಿ ಕುರ್ಚಿಯಿಂದ ಏಳದೆ ಹೇಳಿದ: "ಬಿಸಿಲಿಗೆ ಸತ್ತಿರಬಹುದು." ನಾವಿಬ್ಬರೂ ಮೈತುಂಬ ಕಂಬಳಿ ಹೊದ್ದು ನಿಂತಿದ್ದೆವು! ಹೊರಗೆ ಬರುವಾಗ ಇವಳು ಅವನ ಮೇಜಿನ ಖಾನೆಯಲ್ಲಿ ಒಂದು ಹಿಡಿ ಚಿಪ್ಪು ಬಿಟ್ಟು ಬಂದಿದ್ದಾಳೆ. ನಾಲ್ಕು ದಿನ ಹುಡುಕಲಿ.

ಅವಳು ನಗಿಸಿದಳು, ನಿಜ. ನನಗೆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ. ನೀವು ಕೆಸರನ್ನು ಕೊಲ್ಲಿಯ ಒಳಗೆ ಸುರಿಯುತ್ತಿದ್ದೀರೋ ಇಲ್ಲವೋ? ಹೌದು ಅಥವಾ ಇಲ್ಲ. ಒಂದು ಪದ ಸಾಕು.

ತಾಯಿ


ಅಕ್ಟೋಬರ್ 29

ಅಮ್ಮಾ,

ಇಲ್ಲಿ ಚಳಿ ಶುರುವಾಗಿದೆ. ಅಡುಗೆಯವನು ಬದಲಾಗಿದ್ದಾನೆ, ಹಿಂದಿನವನೇ ವಾಸಿ. ಚಿಕ್ಕಪ್ಪನ ಕೈಯಲ್ಲಿ ಒಂದು ಉಣ್ಣೆಯ ಕಂಬಳಿ ಕಳಿಸಿದ್ದೇನೆ. ನಿನ್ನದು ತೂತು ಬಿದ್ದಿರಬಹುದು.

ಹೊಸ ಬಂದರಿಗೆ ಮೊದಲ ದೊಡ್ಡ ಹಡಗು ಮಾರ್ಚಿನಲ್ಲಿ ಬರುತ್ತದಂತೆ. ನಮ್ಮ ಕೆಲಸ ಹಿಂದೆ ಬಿದ್ದಿದೆ. ಕಪ್ತಾನರು ಯಾರ ಜೊತೆಯೂ ನೆಟ್ಟಗೆ ಮಾತಾಡುತ್ತಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನನಗಿಲ್ಲ.

ನಿನ್ನ ಮಗ


ನವೆಂಬರ್ 3

ಕಂಬಳಿ ವಾಪಸ್ ಕಳಿಸಿದ್ದೇನೆ. ಹೊದೆಯುವ ಅಧಿಕಾರ ನನಗಿಲ್ಲ.

ಉತ್ತರ ಸಿಕ್ಕಿತು.


ಡಿಸೆಂಬರ್ 2

ಮಗನಿಗೆ,

ನಿನ್ನ ಚಿಕ್ಕಮ್ಮ ಹೋದಳು. ನಿನಗೆ ಸುದ್ದಿ ಮುಟ್ಟಿರುತ್ತದೆ. ಹೇಗೆ ಹೋದಳು ಎನ್ನುವುದನ್ನು ಯಾರೂ ಹೇಳಿರುವುದಿಲ್ಲ. ನಾನು ಹೇಳುತ್ತೇನೆ. ಕೂತು ಓದು.

ನವೆಂಬರ್ 28ರ ಬೆಳಿಗ್ಗೆ ದೊಡ್ಡ ಇಳಿತ. ಮಂಜು ಇತ್ತು. ದಕ್ಷಿಣದ ಅಂಚು ಸತ್ತುಹೋಗಿದ್ದರಿಂದ ಏಳು ಹೆಂಗಸರು ದಿಣ್ಣೆಯ ಉತ್ತರ ಮಗ್ಗುಲಿಗೆ ಹೋದೆವು. ಅಲ್ಲಿ ನಾನು ನಲವತ್ತು ವರ್ಷ ನಡೆದಿದ್ದೇನೆ. ಕಣ್ಣು ಕಟ್ಟಿ ಬಿಟ್ಟರೂ ಎಲ್ಲಿ ಕೊರಕಲು, ಎಲ್ಲಿ ಗಟ್ಟಿನೆಲ ಎಂದು ಅಂಗಾಲು ಹೇಳುತ್ತದೆ. ಇವಳು ಜಾರುಹಲಗೆಯ ಮೇಲೆ ಒಂದು ಮೊಣಕಾಲೂರಿ, ಇನ್ನೊಂದು ಕಾಲಿನಿಂದ ತಳ್ಳಿಕೊಂಡು ಎಲ್ಲರಿಗಿಂತ ಮುಂದೆ ಹೋದಳು. ಯಾವಾಗಲೂ ಅವಳೇ ಮುಂದೆ. ಚಿಪ್ಪಿನ ಉಸಿರುತೂತು ಕಂಡಿರಬೇಕು, ಹಲಗೆ ಬಿಟ್ಟು ಇಳಿದಳು.

"ಅಕ್ಕಾ, ಇಲ್ಲಿ ನೆಲಾನೇ ಇಲ್ಲ ಕಣೇ" ಅಂದಳು. ನಗುತ್ತಲೇ ಅಂದಳು.

ಅಲ್ಲಿ ಆಳದ ಕೊರಕಲೊಂದಿತ್ತು. ಅದರ ತುಂಬ ಗಂಜಿಯಂಥ ಕಪ್ಪು ಕೆಸರು ತುಂಬಿ, ಮೇಲೆ ಸಮತಟ್ಟಾಗಿತ್ತು. ನೋಡಿದರೆ ನೆಲ, ಇಳಿದರೆ ಬಾವಿ. ಸೊಂಟದವರೆಗೆ ಹೋದಳು. ನಾವು ಹಲಗೆಗಳನ್ನು ಹಾಸಿ ಮಲಗಿಕೊಂಡು ಎಳೆದೆವು. ಒಂದು ಗೇಣು ಬಂದರೆ ಎರಡು ಗೇಣು ಹೋಗುತ್ತಿದ್ದಳು. ಅಷ್ಟರಲ್ಲಿ ಇಳಿತ ತಿರುಗಿ ಉಬ್ಬರ ಶುರುವಾಯಿತು.

"ನಿನ್ನ ಹಲಗೆ ಮುಳುಗ್ತಿದೆ, ಹಿಂದಕ್ಕೆ ಹೋಗು" ಅಂದಳು. ನಾನು ಹೋಗಲಿಲ್ಲ. "ಅಕ್ಕಾ, ಒಂದು ಸಲವಾದ್ರೂ ನನ್ನ ಮಾತು ಕೇಳೇ" ಅಂದಳು. ಉಳಿದವರು ನನ್ನ ಸೊಂಟಕ್ಕೆ ಹಗ್ಗ ಹಾಕಿ ಹಿಂದಕ್ಕೆ ಎಳೆದುಕೊಂಡರು.

ಕೂಗು ಕೇಳಿ ನಿನ್ನ ಚಿಕ್ಕಪ್ಪ ಆಚೆ ದಡದಿಂದ ದೋಣಿ ಓಡಿಸಿಕೊಂಡು ಬಂದಾಗ ನೀರು ಅವಳ ಎದೆಗಿತ್ತು. ಅವನು ದೋಣಿಯಿಂದ ಬಾಗಿ ಅವಳ ಎರಡೂ ತೋಳು ಹಿಡಿದ. ಕೆಸರು ಬಿಡಲಿಲ್ಲ. ನೀರು ಏರಿತು. ಅವನೂ ಬಿಡಲಿಲ್ಲ. ನೀರು ಅವಳನ್ನು ಮುಚ್ಚಿದ ಮೇಲೂ ಬಹಳ ಹೊತ್ತು ಬಿಡಲಿಲ್ಲ.

ಆ ಕೊರಕಲು ಹಿಂದಿನ ಇಳಿತದಲ್ಲಿ ಬರಿದಾಗಿತ್ತು. ನಾನು ಕಣ್ಣಾರೆ ನೋಡಿದ್ದೇನೆ. ಎರಡು ವಾರದಲ್ಲಿ ಅದನ್ನು ತುಂಬಿದವರು ಯಾರು? ಬಾಗಿಲು ತೆರೆದವನು ಯಾರು?

ಈ ಸಲ ಅಧಿಕಾರದ ಮಾತು ಬೇಡ.


ಡಿಸೆಂಬರ್ 5

ಅಮ್ಮಾ,

ಈ ಕಾಗದಕ್ಕೆ ಅಂಟು ಹಾಕಿಲ್ಲ. ತರುವವನು ಚಿಕ್ಕಪ್ಪ. ಅವನು ಓದಬೇಕೆಂದರೆ ಓದಲಿ.

ನಾನೇ.

ನವೆಂಬರ್ 26, ಬೆಳಿಗ್ಗೆ ಹನ್ನೊಂದು ಗಂಟೆ, ಉಬ್ಬರ ಪೂರ್ತಿ ಏರಿತ್ತು. ಮಂಜಿನಲ್ಲಿ ದಡ ಕಾಣುತ್ತಿರಲಿಲ್ಲ. ಹೊಟ್ಟೆ ತುಂಬಿತ್ತು. ಬಾಯಿ ದಾಟಿ ಹೋಗಿ ಬರಲು ನಾಲ್ಕು ಗಂಟೆ ಬೇಕು. ಕಪ್ತಾನರು "ಇಲ್ಲೇ ಬಿಡು" ಅಂದರು. ಹಡಗು ದಿಣ್ಣೆಯ ಉತ್ತರದ ಅಂಚಿನಲ್ಲಿತ್ತು. ನಾನು ಗುಂಡಿ ಒತ್ತಿದೆ.

ಅದು ಮೊದಲನೆಯ ಸಲವಲ್ಲ. ಇಪ್ಪತ್ತಮೂರನೆಯದು. ಮೊದಲನೆಯದು ಸೆಪ್ಟೆಂಬರ್ 20, ನಿನಗೆ 'ಯಾರೂ ಮುಟ್ಟುತ್ತಿಲ್ಲ' ಎಂದು ಬರೆದು ಆರು ದಿನಕ್ಕೆ. ಬರೆದಾಗ ಅದು ನಿಜವಾಗಿತ್ತು. ನೀನು ಹೌದೋ ಇಲ್ಲವೋ ಎಂದು ಕೇಳಿದಾಗ ಹನ್ನೊಂದಾಗಿತ್ತು. ಹಡಗಿನ ದಾಖಲೆಯಲ್ಲಿ ಎಲ್ಲವೂ ಆಳ ಸಮುದ್ರವೆಂದೇ ಇದೆ. ಪ್ರತಿ ಸಲ ಎಲ್ಲಿ ಬಿಟ್ಟೆವು ಎಂದು ನನ್ನ ಸಣ್ಣ ಪುಸ್ತಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ. ಯಾಕೆ ಬರೆದೆನೋ ಗೊತ್ತಿಲ್ಲ. ಯಾರಿಗೂ ತೋರಿಸುವ ಧೈರ್ಯವಂತೂ ಇರಲಿಲ್ಲ.

28ರ ಬೆಳಿಗ್ಗೆ ಕೂಗು ನಮಗೂ ಕೇಳಿಸಿತು. ಮಂಜಿನಲ್ಲಿ ಹಕ್ಕಿ ಎಂದುಕೊಂಡೆವು.

ಇವತ್ತು ಹಡಗಿನಿಂದ ಇಳಿದಿದ್ದೇನೆ. ನಿನ್ನ ದಡಕ್ಕಲ್ಲ. ನಗರಕ್ಕೆ ಹೋಗಿ ವಿಚಾರಣಾಧಿಕಾರಿಗೆ ಪುಸ್ತಕ ತೋರಿಸಿ, ಹೇಳಿಕೆ ಕೊಡುತ್ತೇನೆ.


ಡಿಸೆಂಬರ್ 9

ಮಗನಿಗೆ,

ನಿನ್ನ ಕಾಗದವನ್ನು ಚಿಕ್ಕಪ್ಪ ಓದಿರಲಿಲ್ಲ. ಕೊಟ್ಟವನು ಹೋಗದೆ ಮೆಟ್ಟಿಲ ಮೇಲೆ ಕೂತ. "ನೀವೇ ಓದಿ ಅಕ್ಕ" ಅಂದ. ಓದಿದೆ. 'ನಾನೇ' ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದ. "ಅದೊಂದು ಇನ್ನೊಂದ್ಸಲ" ಅಂದ. ಮತ್ತೆ ಓದಿದೆ. 'ಹಕ್ಕಿ ಎಂದುಕೊಂಡೆವು' ಎಂಬಲ್ಲಿ ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತ.

ಅವನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನ ಪಾಲಿನದನ್ನೂ ನಾನೇ ಬೈಯಬೇಕಾಗಿದೆ. ಇಪ್ಪತ್ತಮೂರು ಸಲ! ಒಂದು ಸಲ ಕೈ ಸುಮ್ಮನಿರಬಾರದಿತ್ತೇ? ನಿನ್ನನ್ನು ಎರಡು ವರ್ಷ ಸೊಂಟದ ಮೇಲೆ ಹೊತ್ತು ಆ ದಿಣ್ಣೆಯ ತುಂಬ ಓಡಾಡಿದವಳು ಅವಳು. ನನಗೆ ಕೆಲಸ, ನಿನಗೆ ಅವಳು. ಎಲ್ಲಿ ಬಿಡುತ್ತಿದ್ದೇವೆ ಎಂದು ಪೆನ್ಸಿಲ್ ಹಿಡಿದು ಬರೆದುಕೊಂಡೆಯಲ್ಲ, ಅಲ್ಲಿ ಯಾರು ನಡೆಯುತ್ತಾರೆ ಎಂದು ಗೊತ್ತಿದ್ದವನು ಆ ಹಡಗಿನಲ್ಲಿ ನೀನೊಬ್ಬನೇ.

ಚಿಕ್ಕಪ್ಪ ಕೊನೆಗೆ ತಿರುಗಿ ಕೇಳಿದ್ದು ಇಷ್ಟು: "ಇಪ್ಪತ್ತಮೂರು ಜಾಗವೂ ಅವನಿಗೆ ಗೊತ್ತಾ?" ಗೊತ್ತಂತೆ ಎಂದೆ. "ಹಾಗಾದ್ರೆ ಬಂದು ತೋರಿಸ್ಲಿ. ದೊಡ್ಡ ಇಳಿತ ಹತ್ರ ಬಂತು. ಹೆಂಗಸರು ಹೋಗದೆ ಇರ್ತಾರಾ?"

ಅದಕ್ಕೆ ಬರೆಯುತ್ತಿದ್ದೇನೆ. ಬಾ. ಪುಸ್ತಕ ತೆಗೆದುಕೊಂಡು ಬಾ. ನೆಂಟನ ಹಾಗೆ ಬರಬೇಡ. ಮನೆಯಲ್ಲಿ ಹಾಸಿಗೆ ಇಲ್ಲ, ದೋಣಿಮನೆಯಲ್ಲಿ ಮಲಗು. ಗುರುತಿಗೆ ನೆಡುವ ಗೂಟಗಳನ್ನು ನಾವು ಕಡಿದಿಡುತ್ತೇವೆ.

ತಾಯಿ


ಜನವರಿ 17

ಅಮ್ಮಾ,

ನಗರದ ಈ ಬಾಡಿಗೆ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ. ಕಿಟಕಿಯಿಂದ ಗೋಡೆ ಕಾಣುತ್ತದೆ. ಅದೇ ವಾಸಿ.

ಗೂಟ ನೆಟ್ಟ ಆ ಎರಡು ದಿನದ ಬಗ್ಗೆ ನಿನಗೆ ಬರೆದಿಲ್ಲ. ನೀನು ದಡದಲ್ಲಿ ಬೆನ್ನು ಹಾಕಿ ನಿಂತಿದ್ದೆ, ಏನೂ ನೋಡಲಿಲ್ಲ. ಚಿಕ್ಕಪ್ಪ ಹಿಂದೆ ಕೂತು ಹುಟ್ಟು ಹಾಕಿದ. ನಾನು ಮುಂದೆ ನಿಂತು ಜಾಗ ಹೇಳಿ, ಗೂಟ ಹೊಡೆದೆ. ಎರಡು ದಿನದಲ್ಲಿ ಅವನು ಆಡಿದ್ದು "ಎಡಕ್ಕೆ", "ಸಾಕು", "ಇನ್ನೊಂದು". ಉತ್ತರದ ಕೊರಕಲಿಗೆ ಬಂದಾಗ ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡ. ಆ ಗೂಟವನ್ನು ಅವನೇ ಹೊಡೆದ. ಹೊಡೆಯುತ್ತಲೇ ಇದ್ದ. ಗೂಟ ಪೂರ್ತಿ ಒಳಗೆ ಹೋಗಿಬಿಟ್ಟಿತು. ಮತ್ತೊಂದನ್ನು ನಾನು ನೆಟ್ಟೆ.

ವಿಚಾರಣೆಯಲ್ಲಿ ನೀನು ಹಿಂದಿನ ಬೆಂಚಿನಲ್ಲಿ ಕೂತಿದ್ದನ್ನು ನೋಡಿದೆ. ಎಲ್ಲ ಕೇಳಿಸಿಕೊಂಡೆಯಲ್ಲ. ಕಂಪನಿಯ ವಕೀಲ ನನ್ನನ್ನು ಕುಡುಕ ಎಂದ, ದ್ವೇಷ ಸಾಧಿಸುವವನು ಎಂದ.

"ಗುಂಡಿ ಒತ್ತಿದ್ದು ಯಾರು?"

"ನಾನು."

"ನಿಮ್ಮ ಕೈ ಹಿಡಿದು ಯಾರಾದ್ರೂ ಒತ್ತಿಸಿದ್ರಾ?"

"ಇಲ್ಲ. ಹೇಳಿದ್ರು, ಒತ್ತಿದೆ."

ಅವನು ಗೆದ್ದವನ ಹಾಗೆ ಕೂತ. ಆಗ ವಿಚಾರಣಾಧಿಕಾರಿ ಕನ್ನಡಕ ತೆಗೆದು "ಹೇಳಿದವರು ಯಾರು?" ಎಂದು ಕೇಳಿದರು. ನಾನು ಬೆರಳು ತೋರಿಸಿದೆ. ಕಪ್ತಾನರು ತಮ್ಮ ಬೂಟು ನೋಡಿಕೊಂಡರು.

ಮುಗಿದ ಮೇಲೆ ಹಿಂದಿನ ಮೆಟ್ಟಿಲಿನಿಂದ ಇಳಿದುಹೋದೆ. ನಿನ್ನೆದುರು ನಿಲ್ಲಲಾರದೆ ಎಂದು ನೀನು ತಿಳಿದಿರಬೇಕು. ಅರ್ಧ ನಿಜ. ಉಳಿದರ್ಧ ಸಿಟ್ಟು. ನನಗೂ ಸಿಟ್ಟಿದೆ ಅಮ್ಮಾ. ನನ್ನದನ್ನೂ ಒಮ್ಮೆ ಕೇಳು.

ನಾನು ಹುಟ್ಟಿದಾಗಿನಿಂದ ನೀನು ಆ ದಿಣ್ಣೆಗೆ ಇಟ್ಟ ಹೆಸರು ಒಂದೇ, ನರಕ. ಬೆಳಿಗ್ಗೆ ಹೋಗುವಾಗ "ನರಕಕ್ಕೆ ಹೋಗ್ಬರ್ತೀನಿ", ಬಂದ ಮೇಲೆ "ನರಕದಿಂದ ಬಂದೆ". ನನ್ನನ್ನು ಕಳಿಸುವಾಗಲೂ ಅದೇ. ನಾನು ನಂಬಿದೆ. ನಂಬಿದ್ದರಿಂದಲೇ ಮೊದಲ ಸಲ ಹಿಂದುಮುಂದು ನೋಡದೆ ಒತ್ತಿದೆ. ನರಕದ ಮೇಲೆ ಒಂದಷ್ಟು ಕೆಸರು ಬಿದ್ದರೆ ಯಾರಿಗೇನು ಎಂದುಕೊಂಡೆ.

ಇದು ನೆಪ ಎಂದು ಗೊತ್ತು. ಆದರೂ ಬರೆದಿದ್ದೇನೆ.

ನಿನ್ನ ಮಗ


ಫೆಬ್ರುವರಿ 11

ಮಗನಿಗೆ,

ತೀರ್ಪಿನ ಪ್ರತಿ ನಿನಗೂ ಬಂದಿರುತ್ತದೆ. ಕಪ್ತಾನನ ಪರವಾನಗಿ ಹೋಯಿತು. ನೀನು ಮೂರು ವರ್ಷ ಯಾವ ಹಡಗನ್ನೂ ಹತ್ತುವಂತಿಲ್ಲ. ಒಳಗೆ ಸುರಿಯುವುದು ನಿಂತಿತು. ಈಗ ನಮ್ಮ ಕಡೆಯ ಒಬ್ಬರು ಹಡಗಿನಲ್ಲೇ ಕೂತು ನೋಡುತ್ತಾರೆ. ಅಗೆಯುವುದು ನಿಂತಿಲ್ಲ. ದೊಡ್ಡ ಹಡಗು ಮಾರ್ಚಿಗೇ ಬರುತ್ತದೆ. ಕಂಪನಿಯವರ ಬಾಯಿಂದ ನಿನ್ನ ಚಿಕ್ಕಮ್ಮನ ಬಗ್ಗೆ ಒಂದು ಮಾತು ಬರಲಿಲ್ಲ. ತೀರ್ಪಿನಲ್ಲಿ ಅವಳು 'ಮೃತ ಮಹಿಳೆ'. ಹೆಸರೂ ಇಲ್ಲ! ಅದನ್ನು ಓದಿದ ದಿನ ಮನೆಯಲ್ಲಿ ಒಂದು ಪಾತ್ರೆಯೂ ನೆಟ್ಟಗೆ ಉಳಿಯಲಿಲ್ಲ.

ದಿಣ್ಣೆ ಯಾವಾಗ ಸರಿಹೋದೀತು ಎಂದು ವಿಜ್ಞಾನಿಯೊಬ್ಬಳನ್ನು ಕೇಳಿದೆ. ಐದು ವರ್ಷವೋ ಹದಿನೈದೋ ಎಂದಳು. ಪಾಪ, ಸುಳ್ಳು ಹೇಳಲಿಲ್ಲ.

ನಿನ್ನ ಕಾಗದ ಓದಿ ಹರಿಯಬೇಕೆಂದು ಎರಡು ಸಲ ಕೈಗೆತ್ತಿಕೊಂಡೆ. ಹೌದು, ನರಕ ಎಂದೆ. ಚಳಿಗೆ ಬೆರಳಸಂದಿ ಸೀಳಿ ಉಪ್ಪುನೀರು ತಾಗಿದರೆ ಇನ್ನೇನು ಅನ್ನುತ್ತಾರೆ? ಮೂವತ್ತು ವರ್ಷ ಕಟ್ಟಿಕೊಂಡ ಗಂಡನಿಗೂ ಬೈದಿದ್ದೇನೆ. ಅವನು ಹೋದ ದಿನ ನನ್ನನ್ನು ಹಿಡಿಯಲು ನಾಲ್ಕು ಜನ ಬೇಕಾದರು. ಬಾಯಲ್ಲಿ ಬಂದದ್ದನ್ನು ಮಗ ಬೇರೆ ಅರ್ಥದಲ್ಲಿ ಎತ್ತಿಟ್ಟುಕೊಳ್ಳುತ್ತಿದ್ದಾನೆ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಅದು ನನ್ನ ತಪ್ಪು. ಒಪ್ಪಿದೆ. ಗುಂಡಿ ನಿನ್ನದು, ಅದನ್ನು ನನ್ನ ತಲೆಗೆ ಕಟ್ಟಬೇಡ.

ಇನ್ನೊಂದಿದೆ. ಯಾರಿಗೂ ಹೇಳಿರಲಿಲ್ಲ. ದಕ್ಷಿಣ ಬೇಡ, ಉತ್ತರ ಮಗ್ಗುಲಿಗೆ ಹೋಗೋಣ ಎಂದು ಹಿಂದಿನ ದಿನವೇ ಹಟ ಹಿಡಿದವಳು ನಾನು. ಬೆಳಿಗ್ಗೆ ನಿನ್ನ ಚಿಕ್ಕಮ್ಮ ಮಂಜು ಕರಗಲಿ ಎಂದಳು. ನಾನು ಕೇಳಲಿಲ್ಲ. ನಿನ್ನ ಮೇಲೆ ಕೂಗಾಡುವಾಗಲೆಲ್ಲ ಅದನ್ನು ಮುಚ್ಚಿಟ್ಟುಕೊಂಡೇ ಕೂಗಾಡಿದೆ. ಮೊನ್ನೆ ತಡೆಯಲಾರದೆ ಚಿಕ್ಕಪ್ಪನಿಗೆ ಹೇಳಿಬಿಟ್ಟೆ. ಅವನು ಬಲೆ ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ.

"ಗೊತ್ತು ಅಕ್ಕ" ಅಂದ. "ಹಿಂದಿನ ದಿನಾನೇ ಹೇಳಿದ್ಲು. ಅಕ್ಕ ಉತ್ತರಕ್ಕೆ ಹೋಗೋಣ ಅಂತಿದಾಳೆ, ಅವಳು ಹೇಳಿದ ಮೇಲೆ ಮುಗೀತು ಅಂತ."

ಎರಡೂವರೆ ತಿಂಗಳು ಅವನಿಗೆ ಗೊತ್ತಿತ್ತು. ದಿನಾ ನನ್ನ ಬಾಗಿಲಿಗೆ ಬಂದು ಟಪಾಲು ಕೊಟ್ಟು ಹೋಗುತ್ತಿದ್ದ. ನಾನು ನಿನ್ನನ್ನು ಬೈಯುವುದನ್ನು ಕೇಳಿಸಿಕೊಳ್ಳುತ್ತಿದ್ದ.

ಆಮೇಲೆ ಅವನೇ ಮಾತೆತ್ತಿದ. ಕೆಸರು ಪ್ರತಿ ಉಬ್ಬರಕ್ಕೂ ಸರಿಯುತ್ತಿದೆಯಂತೆ. ಹೋದ ತಿಂಗಳ ಗೂಟದ ಜಾಗ ಈ ತಿಂಗಳಿಗೆ ಸುಳ್ಳಾಗುತ್ತದಂತೆ. ತಿಂಗಳಿಗೆರಡು ಸಲ ಹೋಗಿ ಆಳ ನೋಡಿ, ಗೂಟ ಕಿತ್ತು ಬೇರೆ ಕಡೆ ನೆಡಬೇಕು. ಒಬ್ಬನಿಂದ ಆಗುವ ಕೆಲಸವಲ್ಲ.

"ಅವನನ್ನ ಕರೀರಿ" ಅಂದ. "ನಾನು ಅವನ ಜೊತೆ ಮಾತಾಡಲ್ಲ. ಮಾತಾಡೋಕೆ ಆಗಲ್ಲ ಅಕ್ಕ. ಆದ್ರೆ ದೋಣಿಗೆ ಇನ್ನೊಬ್ಬ ಬೇಕು. ಎಲ್ಲಿ ಬಿದ್ದಿದೆ ಅಂತ ಗೊತ್ತಿರೋನು ಅವನೊಬ್ಬನೇ."

ಹೇಳಿದ್ದನ್ನು ಹಾಗೇ ಬರೆದಿದ್ದೇನೆ. ಒಂದೇ ದೋಣಿಯಲ್ಲಿ, ಮಾತಿಲ್ಲದವನ ಎದುರು, ವರ್ಷಗಟ್ಟಲೆ ಕೂರುವುದು ನಿನ್ನಿಂದ ಆಗುತ್ತದೆಯೇ ಎಂದು ಯೋಚಿಸು. ಆಗದಿದ್ದರೆ ಬರಬೇಡ, ನಡುವೆ ಬಿಟ್ಟು ಓಡುವವನು ನಮಗೆ ಬೇಡ.

ಬುಧವಾರ ಇಳಿತ ಬೆಳಿಗ್ಗೆ ಆರೂವರೆಗೆ. ನೀರು ಯಾರಿಗೂ ಕಾಯುವುದಿಲ್ಲ, ಅವನೂ ಕಾಯುವುದಿಲ್ಲ. ಮಂಗಳವಾರ ಸಂಜೆಯೇ ಬಂದುಬಿಡು. ನಿನ್ನ ಹಾಸಿಗೆ ಒಳಕೋಣೆಯಲ್ಲಿ ಹಾಸಿರುತ್ತೇನೆ. ನನ್ನ ಸಿಟ್ಟು ಇಳಿದಿದೆ ಎಂದುಕೊಂಡು ಬರಬೇಡ. ಇಳಿದಿಲ್ಲ.

ಬಾ.

ಅಮ್ಮ